ಎರಡಾಣೆಯ ಕಡೆಯಿಂದ ನೋಡಿದರೆ

— ಬೆಳಗ್ಗೆ ಬೆಳಗ್ಗೆಯೇ ಒಂದು ಫಾರ್ವರ್ಡ್ ಬಂದಿದೆ ನೋಡು. ಯಾರೋ ರಾಥ್‌ಚೈಲ್ಡ್ ಅಂತೆ, ಯಹೂದಿಯಂತೆ. ವಾಟರ್‌ಲೂ ಯುದ್ಧ ಗೆದ್ದ ಸುದ್ದಿ ಇಂಗ್ಲೆಂಡಿನ ಸರ್ಕಾರಕ್ಕಿಂತ ಮೊದಲೇ ಅವನ ಕಿವಿಗೆ ಬಿತ್ತಂತೆ. ಸೋತುಹೋದೆವು ಅಂತ ಪುಕಾರು ಹಬ್ಬಿಸಿ, ಪೇಟೆ ಬೀಳಿಸಿ, ಬಿದ್ದ ಬೆಲೆಗೆ ಎಲ್ಲವನ್ನೂ ಬಾಚಿಕೊಂಡನಂತೆ. ಈಗ ಪ್ರಪಂಚದ ರಿಸರ್ವ್ ಬ್ಯಾಂಕುಗಳೆಲ್ಲ ಅವನ ಮನೆಯವರ ಜೇಬಿನಲ್ಲೇ ಇವೆಯಂತೆ. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಲೆಡ್ಜರ್ ತಿರುವಿದವನಿಗೆ ಇದನ್ನು ಕಳಿಸುತ್ತಾರಲ್ಲ!

— ಬಸವೇಶ್ವರನಗರದ ನಿಮ್ಮ ವಾಕಿಂಗ್ ಗುಂಪಿನವರೇ ತಾನೆ?

— ಮತ್ತಿನ್ಯಾರು. ಹಾವನೂರು ವೃತ್ತದಿಂದ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಪ್ರಪಂಚವನ್ನು ಯಾರು ಆಳುತ್ತಿದ್ದಾರೆ ಅನ್ನುವುದು ತೀರ್ಮಾನವಾಗಿರುತ್ತೆ. ನೀನು ಕಾಲೇಜಿನಲ್ಲಿ ವಾಣಿಜ್ಯ ಪಾಠ ಹೇಳುವವಳು. ಹೇಳು, ಇದರಲ್ಲಿ ಎಷ್ಟು ನಿಜ?

— ವಾಟರ್‌ಲೂ ಸುದ್ದಿ ತಿರುಚಿ ಪೇಟೆ ಬೀಳಿಸಿದ ಅನ್ನುವುದು ಕಟ್ಟುಕಥೆ, ರಿಸರ್ವ್ ಬ್ಯಾಂಕುಗಳು ಜೇಬಿನಲ್ಲಿವೆ ಅನ್ನುವುದೂ ಅಷ್ಟೇ. ಯುದ್ಧ ನಡೆದದ್ದು 1815ರಲ್ಲಿ. ನಾಥನ್ ರಾಥ್‌ಚೈಲ್ಡ್ ತೀರಿಕೊಂಡದ್ದು 1836ರಲ್ಲಿ. ಈ ಕಥೆಯನ್ನು ಹಬ್ಬಿಸಿದ ಕರಪತ್ರ ಫ್ರಾನ್ಸಿನಲ್ಲಿ ಅಚ್ಚಾದದ್ದು 1846ರಲ್ಲಿ, ಬರೆದವನು 'ಸೈತಾನ' ಅಂತ ಸಹಿ ಹಾಕಿಕೊಂಡಿದ್ದ. ಅವನಿಗೆ ಯಹೂದಿಗಳನ್ನು ಕಂಡರೆ ಆಗುತ್ತಿರಲಿಲ್ಲ. 1940ರಲ್ಲಿ ನಾಜಿಗಳು ಅದನ್ನೇ ಸಿನಿಮಾ ಮಾಡಿದರು. ಆ ಮನೆತನದ ಕಾಗದಪತ್ರಗಳನ್ನು ಓದಿದ ಇತಿಹಾಸಕಾರ ನಿಯಾಲ್ ಫರ್ಗುಸನ್ ಹೇಳುವುದು ಇದಕ್ಕೆ ತದ್ವಿರುದ್ಧ. ಇಂಗ್ಲೆಂಡಿನ ಸೇನಾಪತಿ ವೆಲಿಂಗ್ಟನ್ನನ ಸೈನ್ಯಕ್ಕೆ ಸಂಬಳ ಕೊಡಲು ನಾಥನ್ ಚಿನ್ನ ಪೇರಿಸಿಟ್ಟಿದ್ದ. ಯುದ್ಧ ಇನ್ನೂ ಎಳೆಯುತ್ತೆ ಅಂತ ಅವನ ಲೆಕ್ಕ. ಪಟ್ಟನೆ ಮುಗಿದದ್ದು ಅವನಿಗೆ ಲಾಭಕ್ಕಿಂತ ತಲೆನೋವನ್ನೇ ತಂದಿತು.

— ಆದರೂ ಶ್ರೀಮಂತರಾದದ್ದು ಸುಳ್ಳಲ್ಲವಲ್ಲ.

— ಸುಳ್ಳಲ್ಲ. ಏರಿದ ದಾರಿ ಮಾತ್ರ ಬೇರೆ. ಫ್ರಾಂಕ್‌ಫರ್ಟ್ ಊರಿನಲ್ಲಿ ಯಹೂದಿಗಳಿಗೆ ಅಂತಲೇ ಒಂದು ಇಕ್ಕಟ್ಟಾದ ಬೀದಿ. ರಾತ್ರಿ, ಭಾನುವಾರ, ಕ್ರೈಸ್ತರ ಹಬ್ಬದ ದಿನ ಅದರ ಬಾಗಿಲಿಗೆ ಬೀಗ. ಭೂಮಿ ಕೊಳ್ಳುವಂತಿಲ್ಲ, ಕುಶಲಕರ್ಮಿಗಳ ಸಂಘಕ್ಕೆ ಸೇರುವಂತಿಲ್ಲ. ವರ್ಷಕ್ಕೆ ಹನ್ನೆರಡು ಮದುವೆಗೆ ಮಾತ್ರ ಅಪ್ಪಣೆ. ಉಳಿದದ್ದು ಹಳೇ ಸಾಮಾನಿನ ವ್ಯಾಪಾರ, ನಾಣ್ಯ ಬದಲಾಯಿಸುವುದು, ಸಾಲ ಕೊಡುವುದು. ಆ ಬೀದಿಯಲ್ಲಿ 1744ರಲ್ಲಿ ಹುಟ್ಟಿದ ಮೇಯರ್ ಆಮ್ಷೆಲ್, ನಾಥನ್ನನ ಅಪ್ಪ, ಹಳೆಯ ನಾಣ್ಯಗಳ ವ್ಯಾಪಾರಿ. ಹೆಸ್ಸೆಯ ರಾಜಕುಮಾರ ವಿಲ್ಹೆಲ್ಮನಿಗೆ ನಾಣ್ಯ ಕೂಡಿಡುವ ಹುಚ್ಚು. ಆ ದಾರಿಯಿಂದ ಅರಮನೆಯ ಬಾಗಿಲು ತೆರೆಯಿತು. ಐವರು ಗಂಡುಮಕ್ಕಳು ಐದು ಊರು ಹಿಡಿದರು: ಫ್ರಾಂಕ್‌ಫರ್ಟ್, ಲಂಡನ್, ಪ್ಯಾರಿಸ್, ವಿಯೆನ್ನಾ, ನೇಪಲ್ಸ್. ಅಣ್ಣತಮ್ಮಂದಿರು ಹೀಬ್ರೂ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದ ಕಾಗದಗಳನ್ನು ಯಾವ ಊರಿನ ಪೊಲೀಸರು ಒಡೆದರೂ ಸುಲಭಕ್ಕೆ ಓದಲಾಗುತ್ತಿರಲಿಲ್ಲ. 1818ರಲ್ಲಿ ಪ್ರಷ್ಯಾಕ್ಕೆ 50 ಲಕ್ಷ ಪೌಂಡ್ ಸಾಲ ಎತ್ತಿಕೊಟ್ಟರು. 1875ರಲ್ಲಿ ಸೂಯೆಜ್ ಕಾಲುವೆಯ ಷೇರು ಕೊಳ್ಳಲು ಬ್ರಿಟಿಷ್ ಸರ್ಕಾರಕ್ಕೆ 40 ಲಕ್ಷ ಪೌಂಡ್.

— ಆ ತಾಯಿ?

— ಯಾವ ತಾಯಿ?

— ಐವರು ಗಂಡುಮಕ್ಕಳನ್ನು ಐದು ಊರಿಗೆ ಹಂಚಿಕೊಟ್ಟಳಲ್ಲ, ಅವಳು.

— ಗೂಟ್ಲೆ. ಮಕ್ಕಳು ಅರಮನೆಯಂಥ ಮನೆ ಕಟ್ಟಿಸಿಕೊಂಡರೂ ಅವಳು ಮಾತ್ರ ಆ ಇಕ್ಕಟ್ಟು ಬೀದಿಯ ಮನೆ ಬಿಡಲಿಲ್ಲ. 1849ರಲ್ಲಿ ಅಲ್ಲೇ ತೀರಿಕೊಂಡಳು. ತೊಂಬತ್ತು ದಾಟಿತ್ತು.

— ಇದನ್ನೆಲ್ಲ ಕೇಳುತ್ತಿದ್ದರೆ ನನಗೆ ನಮ್ಮ ಸಿಂಡಿಕೇಟ್ ಬ್ಯಾಂಕು ಕಟ್ಟಿದ ಮಣಿಪಾಲದ ಪೈಗಳ ನೆನಪು ಬರುತ್ತಿದೆ. ಗೋವಾದಲ್ಲಿ ಪೋರ್ಚುಗೀಸರ ಕಾಟ ತಡೆಯಲಾರದೆ ದಕ್ಷಿಣಕ್ಕೆ ಇಳಿದು ಬಂದ ಗೌಡ ಸಾರಸ್ವತರು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಕನ್ನಡ, ತುಳು. ಬಂದರಿನಿಂದ ಬಂದರಿಗೆ ನೆಂಟರು. ಒಬ್ಬರ ಮಾತಿಗೆ ಇನ್ನೊಬ್ಬರು ಹಣ ಕೊಡುವಷ್ಟು ನಂಬಿಕೆ.

— ಈ ಹೋಲಿಕೆ ಎಲ್ಲರೂ ಮಾಡುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಇವರನ್ನು ಬೀದಿಯಲ್ಲಿ ಕೂಡಿಹಾಕಿ ಬೀಗ ಹಾಕಿದವರು ಯಾರು? ಊರ ನಡುವೆ ವೆಂಕಟರಮಣ ದೇವಸ್ಥಾನ, ಅದರ ಸುತ್ತ ರಥಬೀದಿ, ಆ ಬೀದಿಯಲ್ಲೇ ಇವರ ಅಂಗಡಿ. ಜಾತಿಯ ಏಣಿಯಲ್ಲಿ ಮೇಲಿದ್ದವರು. ವಲಸೆ ಬಂದವರು ಅನ್ನುವುದಷ್ಟೇ ಸಮ. ಅಲ್ಲದೆ ಬ್ಯಾಂಕು ಕಟ್ಟಿದ್ದು ಅವರೊಬ್ಬರೇ ಅಲ್ಲ. ಉಡುಪಿಯಲ್ಲಿ 1906ರ ಮಾರ್ಚ್‌ನಲ್ಲಿ ಕಾರ್ಪೊರೇಷನ್ ಬ್ಯಾಂಕನ್ನು ಶುರುಮಾಡಿದ್ದು ಹಾಜಿ ಅಬ್ದುಲ್ಲಾ ಸಾಹೇಬರು. ಮೊದಲ ದಿನದ ಲೆಕ್ಕ 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷ ಜುಲೈಯಲ್ಲಿ ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ತೆರೆದರು, ಈಗಿನ ಕೆನರಾ ಬ್ಯಾಂಕ್. 1931ರ ವಿಜಯದಶಮಿಗೆ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕ್. ಮುಸ್ಲಿಂ, ಬಂಟ, ಕೊಂಕಣಿ, ಎಲ್ಲರೂ ಕಟ್ಟಿದ್ದಾರೆ. ಒಂದು ಕುಲದ ಗುಟ್ಟು ಅಂತ ಹೇಳಿದರೆ ನಿಮ್ಮ ಫಾರ್ವರ್ಡಿಗೂ ನಿಮಗೂ ಏನು ವ್ಯತ್ಯಾಸ?

— ಪೆಟ್ಟು ಸರಿಯಾಗೇ ಬಿತ್ತು. ಆಯಿತು, ಕುಲ ಬಿಡು, ಜಾಗ ತೆಗೆದುಕೋ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಒಂದು ಮೂಲೆ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಆದರೆ ದುಡ್ಡಿನ ಓಡಾಟಕ್ಕೆ ಕೊರತೆಯಿಲ್ಲ: ಹೆಂಚು, ಕಾಫಿ, ಅಕ್ಕಿ, ಮೀನು. ಮುಂದೆ ಮುಂಬಯಿ, ಮದ್ರಾಸು, ಬೆಂಗಳೂರಿನ ಹೋಟೆಲುಗಳಲ್ಲಿ ದೋಸೆ ಹುಯ್ಯುವ ಹುಡುಗರು ಊರಿಗೆ ಕಳಿಸುವ ಹಣ. ದೊಡ್ಡ ಇಂಗ್ಲಿಷ್ ಬ್ಯಾಂಕುಗಳಿಗೆ ಇವರು ಗಿರಾಕಿಗಳಾಗಿ ಕಾಣಿಸಲೇ ಇಲ್ಲ. 1906ರಲ್ಲೇ ಮದ್ರಾಸಿನ ಅರ್ಬತ್‌ನಾಟ್ ಕಂಪನಿ ಮುಳುಗಿ ಸಾವಿರಾರು ಜನರ ಉಳಿತಾಯ ನೀರುಪಾಲಾದಾಗ, ಬಿಳಿಯರ ಕೈಯಲ್ಲಿ ದುಡ್ಡು ಭದ್ರ ಅನ್ನುವ ಭ್ರಮೆಯೂ ಹರಿಯಿತು. ನಮ್ಮ ಹಳೇ ಮೈಸೂರಿನಲ್ಲಿ ಬ್ಯಾಂಕ್ ಬೇಕು ಅನ್ನಿಸಿದಾಗ ದಿವಾನ್ ವಿಶ್ವೇಶ್ವರಯ್ಯನವರು 1913ರಲ್ಲಿ ಸರ್ಕಾರದ ಬೆಂಬಲದಿಂದ ಮಾಡಿಸಿದರು. ಕರಾವಳಿಯಲ್ಲಿ ಬೆನ್ನಿಗೆ ನಿಲ್ಲಲು ಮಹಾರಾಜರು ಇರಲಿಲ್ಲ.

— ಮಣಿಪಾಲದ ಪೈಗಳು ಬ್ಯಾಂಕಿಗೆ ಕೈ ಹಾಕಿದ್ದು ಯಾವಾಗ?

— 1925ರಲ್ಲಿ, ಉಡುಪಿಯಲ್ಲಿ. ಮೂರು ಜನ: ವ್ಯಾಪಾರಿ ಉಪೇಂದ್ರ ಪೈ, ಅವರ ತಮ್ಮ ವೈದ್ಯ ಟಿ.ಎಂ.ಎ. ಪೈ, ಎಂಜಿನಿಯರ್ ವಾಮನ ಕುಡ್ವ. ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಅಂತ ಉದ್ದದ ಹೆಸರು, ಬಂಡವಾಳ ಮಾತ್ರ 8,000 ರೂಪಾಯಿ. ಕೈಮಗ್ಗದ ನೇಕಾರರು ಕೆಲಸವಿಲ್ಲದೆ ಕಂಗೆಟ್ಟಿದ್ದ ಕಾಲ, ಅವರಿಗೆ ಸಾಲ ಕೊಡಬೇಕು ಅನ್ನುವುದು ಉದ್ದೇಶ. ಆದರೆ 8,000 ರೂಪಾಯಿಯಲ್ಲಿ ಎಷ್ಟು ಮಗ್ಗ ಆಡಿಸಬಹುದು? ಮೇಯರ್ ಆಮ್ಷೆಲ್ ಆಗಿದ್ದರೆ ಏನು ಮಾಡುತ್ತಿದ್ದ?

— ರಾಜನನ್ನು ಹುಡುಕುತ್ತಿದ್ದ.

— ಇವರು ರಾಜನನ್ನು ಹುಡುಕಲಿಲ್ಲ. ಸಾಲ ಬೇಕಾದವರ ಹತ್ತಿರವೇ ಹೋಗಿ ಠೇವಣಿ ಕೇಳಿದರು! 1928ರಲ್ಲಿ ಶುರುವಾಯಿತು ಪಿಗ್ಮಿ. ಬ್ಯಾಂಕಿನ ಏಜೆಂಟ್ ದಿನವೂ ನಿನ್ನ ಬಾಗಿಲಿಗೆ ಬರುತ್ತಾನೆ. ಎರಡಾಣೆ ಕೊಟ್ಟರೂ ಸಾಕು, ಪುಸ್ತಕದಲ್ಲಿ ಬರೆದು ಸಹಿ ಹಾಕಿ ಹೋಗುತ್ತಾನೆ. ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ವರ್ಷವಿಡೀ ತಪ್ಪದೆ ಕೊಟ್ಟರೆ ನಲವತ್ತೈದು ರೂಪಾಯಿ ಹತ್ತಾಣೆ, ಬಡ್ಡಿ ಬೇರೆ. ಆ ಕಾಲದ ನೇಕಾರನಿಗೆ ನಲವತ್ತೈದು ರೂಪಾಯಿ ಒಟ್ಟಿಗೆ ನೋಡುವುದು ಅಂದರೆ ಏನು ಅಂತ ನಿನ್ನ ಹುಡುಗರಿಗೆ ತರಗತಿಯಲ್ಲಿ ಹೇಳು.

— ಹೇಳುತ್ತೇನೆ. ಅದರ ಜೊತೆ ಇನ್ನೊಂದನ್ನೂ ಹೇಳುತ್ತೇನೆ. ಎರಡಾಣೆ ಬೇಡಲು ಮನೆಮನೆಗೆ ಆಳು ಕಳಿಸಿದರೆ ಖರ್ಚು ಎಷ್ಟು? ಕಮಿಷನ್ ಕೊಟ್ಟು, ಬಡ್ಡಿ ಕೊಟ್ಟು, ಲೆಕ್ಕ ಇಟ್ಟು… ದೊಡ್ಡ ಬ್ಯಾಂಕಿನವರು ನಕ್ಕಿರಬೇಕು.

— ನಕ್ಕಿರಬೇಕು. ಆದರೆ ಅವರಿಗೆ ಕಾಣದೇ ಹೋದದ್ದು ಏನು ಗೊತ್ತಾ? ಆ ಏಜೆಂಟ್ ಹಣ ಮಾತ್ರ ತರುತ್ತಿರಲಿಲ್ಲ. ಯಾರ ಅಂಗಡಿ ಇವತ್ತು ಬಾಗಿಲು ಹಾಕಿದೆ, ಯಾರ ಮಗಳ ಮದುವೆ, ಯಾರು ಮೂರು ದಿನದಿಂದ ಎರಡಾಣೆಗೂ ತಡಬಡಾಯಿಸುತ್ತಿದ್ದಾರೆ, ಮಳೆಗಾಲದಲ್ಲೂ ತಪ್ಪದೆ ಕೊಟ್ಟವರು ಯಾರು, ಎಲ್ಲವೂ ಅವನ ತಲೆಯಲ್ಲಿ. ನಾಳೆ ಆ ಮನುಷ್ಯ ಸಾಲ ಕೇಳಿ ಬಂದಾಗ ಮ್ಯಾನೇಜರಿಗೆ ಜಾಮೀನು ಬೇಕಿಲ್ಲ, ಪಿಗ್ಮಿ ಪುಸ್ತಕ ಇದೆ. ನಾನು ರಾಜಾಜಿನಗರ ಶಾಖೆಯಲ್ಲಿದ್ದಾಗ ಅದನ್ನೇ ಮಾಡುತ್ತಿದ್ದೆವು. ಕಾಮಾಕ್ಷಿಪಾಳ್ಯದಿಂದ ಲೇತ್ ಮಷೀನಿಗೆ ಸಾಲ ಕೇಳಿ ಒಬ್ಬ ಬಂದರೆ ಅವನ ಬ್ಯಾಲೆನ್ಸ್ ಶೀಟ್ ನೋಡಿ ಏನು ಪ್ರಯೋಜನ? ಅದನ್ನು ಬರೆದವನು ಆಡಿಟರ್. ಪಿಗ್ಮಿ ಪುಸ್ತಕ ಬರೆದದ್ದು ಅವನ ದಿನದ ದುಡಿಮೆ.

— ಈಗ ನನಗೂ ಒಂದು ಹೊಳೆಯಿತು. ರಾಥ್‌ಚೈಲ್ಡರ ಬಲವೂ ಮಾಹಿತಿಯೇ. ಐದು ಊರಿನ ಅಣ್ಣತಮ್ಮಂದಿರ ಪತ್ರ, ಅವರದೇ ಓಲೆಕಾರರು. ಯಾವ ರಾಜ ಸಾಲ ತೀರಿಸುತ್ತಾನೆ, ಯಾವ ಮಂತ್ರಿ ಬೀಳುತ್ತಾನೆ ಅನ್ನುವುದು ಅವರಿಗೆ ಮೊದಲು ಗೊತ್ತಾಗುತ್ತಿತ್ತು. ಅವರು ರಾಜರ ಮನೆಯ ಗುಟ್ಟು ತಿಳಿದರು, ಇವರು ನೇಕಾರರ ಮನೆಯ ಗುಟ್ಟು.

— ಅಲ್ಲೇ ದಾರಿ ಕವಲಾಗುವುದು. ರಾಥ್‌ಚೈಲ್ಡರು ತಮ್ಮದೇ ಬಂಡವಾಳ ಹೂಡಿದರು, ತಮ್ಮದೇ ಮನೆಯವರನ್ನು ಪಾಲುದಾರರನ್ನಾಗಿ ಮಾಡಿಕೊಂಡರು.

— ತಮ್ಮದೇ ಬಂಡವಾಳ ಅನ್ನುವುದು ಅರ್ಧ ಸತ್ಯ. ರಾಜನಿಗೆ ಕೊಟ್ಟ ಸಾಲವನ್ನು ಬಾಂಡ್ ಮಾಡಿ ಯುರೋಪಿನ ಉಳ್ಳವರಿಗೆ ಮಾರುತ್ತಿದ್ದರು. ಪ್ರಷ್ಯಾ ಸಾಲದ ಬಾಂಡ್ ಪೌಂಡಿನಲ್ಲಿತ್ತು, ಲಂಡನ್ನಿನಲ್ಲಿ ಕೂತವನೂ ಹೆದರದೆ ಕೊಳ್ಳಲಿ ಅಂತ. ಮನೆಯವರು ಮಾತ್ರ ಅನ್ನುವುದು ಪೂರ್ತಿ ಸತ್ಯ. 1812ರಲ್ಲಿ ಸಾಯುವ ಮೊದಲು ಮೇಯರ್ ಉಯಿಲು ಬರೆದ: ವ್ಯಾಪಾರದಲ್ಲಿ ಹೆಣ್ಣುಮಕ್ಕಳಿಗೂ ಅಳಿಯಂದಿರಿಗೂ ಪಾಲಿಲ್ಲ, ಲೆಕ್ಕದ ಪುಸ್ತಕ ಅವರು ಮುಟ್ಟುವಂತಿಲ್ಲ. ಆಸ್ತಿ ಹೊರಗೆ ಹೋಗದಿರಲಿ ಅಂತ ಒಳಗೊಳಗೇ ಮದುವೆ. 1824ರಲ್ಲಿ ಪ್ಯಾರಿಸ್ಸಿನ ಜೇಮ್ಸ್ ಅಣ್ಣನ ಮಗಳನ್ನೇ ಮದುವೆಯಾದ.

— ನಮ್ಮ ಬ್ಯಾಂಕು 1960ರ ದಶಕದ ಆರಂಭದಲ್ಲಿ, ಇಲ್ಲೇ ಪಕ್ಕದ ಶೇಷಾದ್ರಿಪುರಂನಲ್ಲಿ, ಹೆಂಗಸರೇ ನಡೆಸುವ ಶಾಖೆ ತೆರೆಯಿತು ನೋಡು.

— ಕೌಂಟರ್ ಕೊಟ್ಟರು. ಪಾಲು?

— ಸುಮ್ಮನಿರಮ್ಮ, ಎಲ್ಲದರಲ್ಲೂ ಕೊಕ್ಕೆ ಹಾಕಬೇಡ. ನಾನು ಹೇಳಲು ಹೊರಟದ್ದು ಬೇರೆ. ಊರಿನವರ ಎರಡಾಣೆಯಿಂದ ಬೆಳೆದ ಬ್ಯಾಂಕು ಎಷ್ಟು ದೊಡ್ಡದಾಗುತ್ತದೋ ಅಷ್ಟು ಮನೆಯವರ ಕೈ ಮೀರುತ್ತದೆ. 1960ರ ದಶಕದ ಮಧ್ಯದ ಹೊತ್ತಿಗೆ ಹೆಸರು ಚಿಕ್ಕದಾಗಿ ಸಿಂಡಿಕೇಟ್ ಬ್ಯಾಂಕ್ ಆಯಿತು, ಪ್ರಧಾನ ಕಚೇರಿ ಮಣಿಪಾಲಕ್ಕೆ ಹೋಯಿತು. 1969ರ ಜುಲೈ 19ರ ರಾತ್ರಿ ಇಂದಿರಾ ಗಾಂಧಿ ರೇಡಿಯೊದಲ್ಲಿ ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣ ಘೋಷಿಸಿದರು. ಠೇವಣಿ 50 ಕೋಟಿ ದಾಟಿದವನ್ನು ಆರಿಸಿಕೊಂಡರು. ಹದಿನಾಲ್ಕರಲ್ಲಿ ಎರಡು, ಕೆನರಾ ಮತ್ತು ಸಿಂಡಿಕೇಟ್, ಒಂದೇ ಜಿಲ್ಲೆಯವು. 1980ರ ಎರಡನೇ ಸುತ್ತಿನಲ್ಲಿ ಕಾರ್ಪೊರೇಷನ್, ವಿಜಯಾ ಕೂಡ ಹೋದವು. ಜನ ತುಂಬಿದ ಠೇವಣಿಯೇ ಬ್ಯಾಂಕನ್ನು ಎತ್ತಿತು, ಆ ಠೇವಣಿಯ ಮೊತ್ತ ನೋಡಿಯೇ ಸರ್ಕಾರ ಕೈ ಹಾಕಿತು. ಎಂಟು ಸಾವಿರದ ಬ್ಯಾಂಕಾಗಿಯೇ ಉಳಿದಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ.

— ರಾಥ್‌ಚೈಲ್ಡರದ್ದನ್ನು ಕಿತ್ತುಕೊಂಡ ರೀತಿ ಬೇರೆ. ನೇಪಲ್ಸಿನ ಮನೆ 1863ರಲ್ಲೇ ಮುಚ್ಚಿತು, ಇಟಲಿ ಒಂದಾದ ಮೇಲೆ ಅಲ್ಲಿ ಸಾಲ ಕೇಳಲು ರಾಜನೇ ಉಳಿಯಲಿಲ್ಲ. ಫ್ರಾಂಕ್‌ಫರ್ಟಿನದು 1901ರಲ್ಲಿ ಮುಗಿಯಿತು. ವಿಯೆನ್ನಾಕ್ಕೆ 1938ರಲ್ಲಿ ನಾಜಿಗಳು ಬಂದು ಲೂಯಿ ರಾಥ್‌ಚೈಲ್ಡನನ್ನು ಸೆರೆಯಲ್ಲಿಟ್ಟು ಆಸ್ತಿಯೆಲ್ಲ ಬರೆಸಿಕೊಂಡರು. ಮಣಿಪಾಲದಲ್ಲಿ ಯಾರನ್ನೂ ಸೆರೆಗೆ ಹಾಕಲಿಲ್ಲ. ಪರಿಹಾರ ಸಿಕ್ಕಿತು. ಅಷ್ಟೇ ಏಕೆ, ಉಪೇಂದ್ರ ಪೈಗಳ ಮಗ ಟಿ.ಎ. ಪೈ ಅದೇ ಬ್ಯಾಂಕಿಗೆ ಕಸ್ಟೋಡಿಯನ್ ಆಗಿ ಕೂತರು. ಆಮೇಲೆ ಜೀವವಿಮಾ ನಿಗಮದ ಅಧ್ಯಕ್ಷ, ಆಮೇಲೆ ಕೇಂದ್ರದ ರೈಲ್ವೆ ಮಂತ್ರಿ. ಬ್ಯಾಂಕು ಕಳೆದುಕೊಂಡ ಮನೆತನ ಅಂತ ಮರುಗುವುದಕ್ಕೆ ಇದು ಸ್ವಲ್ಪ ವಿಚಿತ್ರವೇ.

— ನಾನು ಮರುಗಲಿಲ್ಲ.

— ದನಿಯಲ್ಲಿ ಇತ್ತು. ಇನ್ನೊಂದು ವಿಷಯ: ಬ್ಯಾಂಕು ಹೋಗುವ ಮೊದಲೇ ಮನೆತನ ಬೇರೆ ಕಡೆ ಬೇರು ಬಿಟ್ಟಿತ್ತು. 1942ರಲ್ಲಿ ಟಿ.ಎಂ.ಎ. ಪೈ ಶಿಕ್ಷಣ ಅಕಾಡೆಮಿ ಕಟ್ಟಿದರು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು. ರಾಷ್ಟ್ರೀಕರಣದ ಮರುವರ್ಷವೇ, 1970ರಲ್ಲಿ, ಉದಯವಾಣಿ ಪತ್ರಿಕೆ. ಮರ ಬೆಳೆಯದ ಬೋಳು ಗುಡ್ಡವನ್ನು ಊರು ಮಾಡಿದ್ದು ದೊಡ್ಡದೇ, ನಾನೂ ಒಪ್ಪುತ್ತೇನೆ. ಆದರೆ ಫೀಸಿನಿಂದಲೇ ನಡೆಯುವ ಖಾಸಗಿ ವೈದ್ಯಕೀಯ ಕಾಲೇಜು ಅನ್ನುವ ದಾರಿಯನ್ನು ದೇಶಕ್ಕೆ ತೋರಿಸಿದ್ದೂ ಅದೇ ಗುಡ್ಡ. ಆ ದಾರಿಯಲ್ಲಿ ಹಿಂದೆ ಬಂದವರು ಸೀಟಿಗೆ ಇಷ್ಟು ಅಂತ ಕ್ಯಾಪಿಟೇಷನ್ ಕೀಳಲು ನಿಂತರು. ತಡೆಯಲು ಕರ್ನಾಟಕ 1984ರಲ್ಲಿ ಕಾನೂನೇ ಮಾಡಬೇಕಾಯಿತು. ಎರಡಾಣೆ ಕೊಟ್ಟ ನೇಕಾರನ ಮೊಮ್ಮಗ ಆ ಸಾಲಿನಲ್ಲಿ ಎಲ್ಲಿ ನಿಂತ?

— ಸರ್ಕಾರ ಎಲ್ಲರಿಗೂ ಕಾಲೇಜು ಕಟ್ಟಿತ್ತೇ? ಸ್ವಾತಂತ್ರ್ಯ ಬಂದ ಹೊಸತರಲ್ಲಿ ಇಡೀ ಕರಾವಳಿಗೆ ಒಂದೂ ಮೆಡಿಕಲ್ ಕಾಲೇಜು ಇರಲಿಲ್ಲ. ಅಲ್ಲಿ ಓದಿದವರು ಇವತ್ತು ರಾಜಾಜಿನಗರದಲ್ಲೇ ಎಷ್ಟು ಜನ ಬೋರ್ಡ್ ಹಾಕಿದ್ದಾರೆ ನೋಡು.

— ನೋಡಿದ್ದೇನೆ. ಅವರ ಫೀಸೂ ನೋಡಿದ್ದೇನೆ.

— ಈ ವಾದ ಇವತ್ತಿಗೆ ಮುಗಿಯುವುದಲ್ಲ, ಬಿಡು. ಬ್ಯಾಂಕಿನ ಕಥೆ ಮುಗಿದದ್ದು ಮಾತ್ರ ಕಣ್ಣೆದುರೇ. ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನೊಳಗೆ ಹೋಯಿತು. ವಿಜಯಾ 2019ರಲ್ಲಿ ಬರೋಡಾಕ್ಕೆ. 2020ರ ಏಪ್ರಿಲ್ 1ಕ್ಕೆ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ, ನಮ್ಮ ಸಿಂಡಿಕೇಟ್ ಕೆನರಾಕ್ಕೆ. ಮಂಗಳೂರಿನ ಪೈಗಳ ಬ್ಯಾಂಕಿಗೆ ಉಡುಪಿಯ ಪೈಗಳ ಬ್ಯಾಂಕು ಸೇರಿತು ಅಂತ ನಾವು ನಿವೃತ್ತರು ನಕ್ಕು ಸುಮ್ಮನಾದೆವು. ಲಾಕ್‌ಡೌನ್ ಬೇರೆ, ಬೋರ್ಡ್ ಇಳಿಸುವುದನ್ನು ನೋಡಲೂ ಯಾರೂ ಹೋಗಲಾಗಲಿಲ್ಲ.

— ಆದರೆ ಪಿಗ್ಮಿ ಉಳಿಯಿತಲ್ಲ. ವಿಜಯನಗರ ಮಾರುಕಟ್ಟೆಗೆ ಸಂಜೆ ಏಳಕ್ಕೆ ಹೋಗಿ. ಸೌಹಾರ್ದ ಸಂಘದ ಹುಡುಗ ಪುಟ್ಟ ಮಷೀನ್ ಹಿಡಿದು ತರಕಾರಿ ಅಂಗಡಿಯಿಂದ ತರಕಾರಿ ಅಂಗಡಿಗೆ ಹೋಗುತ್ತಿರುತ್ತಾನೆ. ಇನ್ನೂರು, ಮುನ್ನೂರು ಕೊಡುತ್ತಾರೆ, ಚೀಟಿ ಹರಿದು ಕೊಡುತ್ತಾನೆ. ನಾನು ಒಬ್ಬ ಹೂವಿನ ಅಂಗಡಿಯವಳನ್ನು ಕೇಳಿದೆ: ದುಡ್ಡೆಲ್ಲ ಫೋನಿಗೇ ಬರುತ್ತೆ, ಅಲ್ಲಿಂದ ಬ್ಯಾಂಕಿಗೇ ಹೋಗುತ್ತೆ, ಇವನಿಗೆ ಯಾಕೆ ಕೊಡುತ್ತೀರಿ ಅಂತ. ಬ್ಯಾಂಕಿನಲ್ಲಿದ್ದರೆ ಮಗ ಫೋನಿನಿಂದಲೇ ಖಾಲಿ ಮಾಡುತ್ತಾನೆ, ಇವನ ಹತ್ತಿರ ಕೊಟ್ಟದ್ದು ಮಗನಿಗೆ ಸಿಗುವುದಿಲ್ಲ ಅಂದಳು.

— ಟಿ.ಎಂ.ಎ. ಪೈಗಳಿಗೆ ಇದನ್ನು ಹೇಳಿದ್ದರೆ ಖುಷಿಪಡುತ್ತಿದ್ದರು. ಉಳಿತಾಯ ಅಂದರೆ ಮನೆಯವರಿಂದಲೇ ಸ್ವಲ್ಪ ಮುಚ್ಚಿಡುವುದು.

— ಮುಚ್ಚಿಟ್ಟ ಹಣವನ್ನು ಹೊತ್ತು ನಡೆದವನ ಕಥೆ ಏನು? ಮನೆತನದ ಏಳಿಗೆ ಅಂತ ಪುಸ್ತಕ ಬರೆಯುತ್ತಾರೆ, ಮೂವರು ಸ್ಥಾಪಕರ ಭಾವಚಿತ್ರ ಹಾಕುತ್ತಾರೆ. ಬಿಸಿಲು ಮಳೆ ಅನ್ನದೆ ಬಾಗಿಲು ಬಾಗಿಲಿಗೆ ನಡೆದ ಏಜೆಂಟರಿಗೆ ಸಂಬಳವೂ ಇರಲಿಲ್ಲ, ಕಮಿಷನ್ ಮಾತ್ರ. ರಾಥ್‌ಚೈಲ್ಡರ ಓಲೆಕಾರನಾದರೂ ಅವರ ಮನೆಯ ಆಳು ಅನ್ನಿಸಿಕೊಳ್ಳುತ್ತಿದ್ದ.

— ಅದು ಕೋರ್ಟಿಗೆ ಹೋಯಿತು. ಇವರು ನಮ್ಮ ನೌಕರರಲ್ಲ, ಕಮಿಷನ್ ಮೇಲೆ ಕೆಲಸ ಮಾಡುವ ಸ್ವತಂತ್ರ ಏಜೆಂಟರು ಅಂತ ಬ್ಯಾಂಕುಗಳ ವಾದ. ಕೈಗಾರಿಕಾ ನ್ಯಾಯಮಂಡಳಿ 1988ರಲ್ಲಿ ಏಜೆಂಟರ ಪರ ತೀರ್ಪು ಕೊಟ್ಟಿತು. ಬ್ಯಾಂಕುಗಳು ಮೇಲೆ ಹೋದವು. ಇವರೂ ಕೆಲಸಗಾರರೇ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ಪ್ರಕರಣದ ಹೆಸರಿನಲ್ಲೇ ನಮ್ಮ ಬ್ಯಾಂಕಿದೆ.

— 1928ರಿಂದ 2001. ಆ ಹೊತ್ತಿಗೆ ಒಡೆಯರು ಪೈಗಳಲ್ಲ.

— ಅಲ್ಲ, ಭಾರತ ಸರ್ಕಾರ. ಮೂವತ್ತೆರಡು ವರ್ಷದಿಂದ.

— ಕಾಯಂ ನೌಕರಿ ಸಿಕ್ಕಿತೇ?

— ಇಲ್ಲ. ಗ್ರಾಚ್ಯುಯಿಟಿಗೆ ಹಕ್ಕು ಬಂತು, ಕಮಿಷನ್ನಿನ ಜೊತೆ ತಿಂಗಳಿಗೆ ಒಂದಿಷ್ಟು ಖಚಿತ ಮೊತ್ತ ಬಂತು. ಅಷ್ಟೇ. ನಿನ್ನ ವಿಜಯನಗರದ ಹುಡುಗನಿಗೆ ಅದೂ ಇರುತ್ತೋ ಇಲ್ಲವೋ. ನಾಳೆ ಆ ಕಡೆ ಹೋದರೆ ಹೂವಿನವಳನ್ನಲ್ಲ, ಅವನನ್ನು ಕೇಳು.